ಕೈಗಡದ ಹೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. ಯಲ್ಲಮ್ಮನ ದರ್ಶನಕ್ಕೆ ಹೋದವರು ಅಲ್ಲಿನ ಅರವತ್ತು ಕಂಬದ ಗುಡಿಯನ್ನೂ ನೋಡಿರುತ್ತೀರಿ. ಚಾಲುಕ್ಯರ ಕಾಲಕ್ಕೆ ಅದು ಘಟಿಕಾಸ್ಥಾನ, ಅಂದರೆ ವಿದ್ಯಾರ್ಥಿಗಳು ಅಲ್ಲೇ ಉಂಡು, ಅಲ್ಲೇ ಇದ್ದು ಓದುತ್ತಿದ್ದ ದೊಡ್ಡ ವಿದ್ಯಾಕೇಂದ್ರ. ಅಲ್ಲಿನ 1058ರ ಶಾಸನ ಓದುವವರನ್ನೂ ಓದಿಸುವವರನ್ನೂ ಹೇಳಿ, ಆರು ಜನ ಸರಸ್ವತೀ ಭಂಡಾರಿಗರೂ ಇದ್ದರು ಅನ್ನುತ್ತದೆ. ಸರಸ್ವತೀ ಭಂಡಾರ ಅಂದರೆ ಪುಸ್ತಕದ ಮನೆ. ಭಂಡಾರಿಗರು ಅಂದರೆ ಇವತ್ತಿನ ಗ್ರಂಥಪಾಲಕರು. ಹತ್ತಿರ ಹತ್ತಿರ ಸಾವಿರ ವರ್ಷದ ಹಿಂದೆ, ನಮ್ಮ ಜಿಲ್ಲೆಯ ಒಂದೇ ಸಂಸ್ಥೆಯಲ್ಲಿ ಆರು ಹುದ್ದೆ! ಈಗ ಎಷ್ಟೋ ಕಡೆ ಒಂದು ಹುದ್ದೆ ತುಂಬಬೇಕಾದರೂ… ಇರಲಿ ಬಿಡಿ, ಆ ಮಾತು ಇನ್ನೊಮ್ಮೆ.

ಆ ಆರು ಜನ ಓಲೆಗರಿ ಜೋಡಿಸುತ್ತ ಕೂತಿದ್ದಾಗ ಅವರ ಮನೆಯಲ್ಲಿ ರೊಟ್ಟಿ ಬಡಿದವರು ಯಾರು, ಅಳುವ ಕೂಸನ್ನು ಎತ್ತಿಕೊಂಡವರು ಯಾರು ಅಂತ ಮಾತ್ರ ಯಾವ ಕಲ್ಲಿನ ಮೇಲೂ ಬರೆದಿಲ್ಲ. ನೌಕರಿ ಮಾಡುತ್ತಲೇ ಎರಡು ವರ್ಷ ಎಂ.ಲಿಬ್., ಅಂದರೆ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ, ಓದಿದವಳು ನಾನು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಬರೆಯದ ಸಾಲೇ.

ಕಲಬುರಗಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನಾನು ಸಹಾಯಕಿ. ಅದೇ ವಿಷಯದ ಕೆಳಗಿನ ಪದವಿ, ಬಿ.ಲಿಬ್., ಮದುವೆಗೆ ಮುಂಚೆಯೇ ಮುಗಿದಿತ್ತು. ಆದರೆ ಕಾಲೇಜಿನಲ್ಲಿ ಗ್ರಂಥಪಾಲಕಿ ಆಗಬೇಕೆಂದರೆ ಅಷ್ಟು ಸಾಲದು. ಯುಜಿಸಿ ನಿಯಮದಂತೆ ಸ್ನಾತಕೋತ್ತರ ಪದವಿಯಲ್ಲಿ ನೂರಕ್ಕೆ 55 ಅಂಕ ಬೇಕು, ಅದರ ಮೇಲೆ ನೆಟ್ ಇಲ್ಲವೇ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಬೇಕು. ಹಾಗಾಗಿ ಮೂವತ್ನಾಲ್ಕನೇ ವಯಸ್ಸಿಗೆ ದೂರ ಶಿಕ್ಷಣದಲ್ಲಿ ಹೆಸರು ಹಚ್ಚಿದೆ. ನಮ್ಮ ಮನೆಯವರು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಮಗಳು ಆಗಿನ್ನೂ ಒಂದನೇ ಇಯತ್ತೆ. ಆಳಂದ ತಾಲ್ಲೂಕಿನ ಹಳ್ಳಿಯಿಂದ ಬಂದ ನಮ್ಮ ಅತ್ತೆಯವರು ಜೊತೆಗೇ ಇದ್ದಾರೆ. ಅವರಿಗೆ ಸುದ್ದಿ ಹೇಳಿದಾಗ ಕೇಳಿದ್ದು ಒಂದೇ ಮಾತು: "ದೂರ ಶಿಕ್ಷಣ ಅಂದ್ರ ಭಾಳ ದೂರ ಹೋಗ್ಬೇಕೇನವಾ?"

"ಇಲ್ರಿ ಅತ್ತಿ, ಮನ್ಯಾಗ ಕೂತೇ ಓದೋದು" ಅಂದೆ. ಎಂಥಾ ಸುಳ್ಳು!

ಲೈಬ್ರರಿ ಕೋರ್ಸ್ ಅಂದರೆ ಫ್ಯಾನ್ ಕೆಳಗೆ ಕೂತು ಕಾದಂಬರಿ ಓದುವುದು ಅಂತ ತಿಳಿದವರು ಬಹಳ ಮಂದಿ. ನಮ್ಮ ಓಣಿಯಲ್ಲೇ ಇದ್ದಾರೆ. ಅವರಿಗಾಗಿ ವರ್ಗೀಕರಣದ, ಅಂದರೆ ಪುಸ್ತಕಕ್ಕೆ ವಿಷಯದ ನಂಬರು ಹಚ್ಚುವ, ಪ್ರಾಕ್ಟಿಕಲ್ ಬಗ್ಗೆ ಸ್ವಲ್ಪ ಹೇಳುತ್ತೇನೆ. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಒಂದು ಪದ್ಧತಿ ಹೊರಡಿಸಿದ. ಇರುವ ವಿದ್ಯೆಯನ್ನೆಲ್ಲ ಹತ್ತು ಪಾಲು ಮಾಡು, ಒಂದೊಂದು ಪಾಲನ್ನು ಮತ್ತೆ ಹತ್ತು ಮಾಡು, ಹೀಗೆ ಸೀಳುತ್ತಾ ಹೋಗು. ಭಾರತದ ಇತಿಹಾಸ 954, ಕರ್ನಾಟಕದ್ದು 954.87. ಕನ್ನಡ ಕಾವ್ಯಕ್ಕೆ 894.8141. ಅಡುಗೆ 641.5. ಅದೇ ಅಡುಗೆ ಒಂದು ಪ್ರದೇಶದ್ದಾದರೆ 641.59 ಬರೆದು, ಪ್ರದೇಶದ ಪಟ್ಟಿಯಿಂದ ಕರ್ನಾಟಕದ 5487 ತಂದು ಬೆನ್ನಿಗೆ ಅಂಟಿಸಬೇಕು. 641.595487. ನಮ್ಮ ಜೋಳದ ರೊಟ್ಟಿ, ಪುಂಡಿಪಲ್ಲೆಯ ಪುಸ್ತಕ ಬಂದರೆ ಅದರ ಬೆನ್ನ ಮೇಲೆ ಇಷ್ಟುದ್ದ ನಂಬರು. ಇದನ್ನು ಸಂಖ್ಯೆ ಕಟ್ಟುವುದು ಅನ್ನುತ್ತೇವೆ. ಡ್ಯೂಯಿ ಪದ್ಧತಿಯ ನಾಲ್ಕು ದಪ್ಪ ಸಂಪುಟ ಮುಂದಿಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ಹಾರುತ್ತಾ, ಯಾವ ಅಂಕಿ ಎಲ್ಲಿಂದ ತರಬಹುದು, ಎಲ್ಲಿ ತರಬಾರದು ಅಂತ ಸೂಚನೆ ಓದುತ್ತಾ ಕಟ್ಟಬೇಕು. ಅರ್ಧಕ್ಕೆ ಕುಕ್ಕರ್ ಕೂಗಿತೋ, ಮತ್ತೆ ಮೊದಲಿನಿಂದ.

ಇಲ್ಲೇ ನನಗೆ ಒಂದು ವಿಷಯ ಹೊಳೆಯಿತು. ಹೊತ್ತಿನಲ್ಲಿ ಎರಡು ನಮೂನೆ ಇದೆ, ಚಿಲ್ಲರೆ ಮತ್ತು ಇಡಿ ನೋಟು. ಸಿದ್ಧಾಂತದ ಪತ್ರಿಕೆಗಳಿಗೆ ಚಿಲ್ಲರೆ ಸಾಕು. ಸಿಟಿ ಬಸ್ಸಿನಲ್ಲಿ ಇಪ್ಪತ್ತು ನಿಮಿಷ, ಪಡಿತರದ ಸಾಲಿನಲ್ಲಿ ಹತ್ತು ನಿಮಿಷ. ನೋಟ್ಸನ್ನು ನಾನೇ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಪಾತ್ರೆ ತೊಳೆಯುವಾಗ ಕೇಳುತ್ತಿದ್ದೆ. ಇ-ಪಿಜಿ ಪಾಠಶಾಲಾ ಅನ್ನುವ ಜಾಲತಾಣದಲ್ಲಿ ನಮ್ಮ ವಿಷಯದ ಪಾಠಗಳು ಪುಕ್ಕಟೆ ಸಿಗುತ್ತವೆ, ಅವನ್ನೂ ಇಳಿಸಿಕೊಂಡಿದ್ದೆ. ಆದರೆ ಪ್ರಾಕ್ಟಿಕಲ್ಲಿಗೆ, ಪ್ರಬಂಧಕ್ಕೆ ಚಿಲ್ಲರೆ ನಡೆಯುವುದಿಲ್ಲ. ಮುರಿಯದ ಎರಡು ತಾಸು ಬೇಕು. ಆ ನಾಲ್ಕು ಸಂಪುಟ ಪರಾಮರ್ಶನ ವಿಭಾಗದವು, ಮನೆಗೆ ಒಯ್ಯುವಂತಿಲ್ಲ. ಬೇರೆಯವರಿಗೆ ದಿನಾ ನಾನೇ ಹೇಳುವ ನಿಯಮ, ನನಗೆ ನಾನೇ ಮುರಿಯಲಿ ಹೇಗೆ? ಕಾಲೇಜು ಬಿಟ್ಟ ಮೇಲೆ ಅಲ್ಲೇ ಕೂತು ಕಲಿಯಬೇಕು. ಅಂದರೆ ಆ ಎರಡು ತಾಸು ಮಗಳನ್ನು ಯಾರೋ ನೋಡಬೇಕು, ಸಂಜೆಯ ಒಲೆ ಯಾರೋ ಹಚ್ಚಬೇಕು.

ಕೆಲಸ, ಓದು, ಮನೆ, ಮೂರನ್ನೂ ಹೇಗೆ ಬ್ಯಾಲೆನ್ಸ್ ಮಾಡಿದಿರಿ ಅಂತ ಈಗ ಬಿ.ಲಿಬ್. ಹುಡುಗಿಯರು ಕೇಳುತ್ತಾರೆ. ಆ ಮಾತು ನನಗೆ ಒಗ್ಗುವುದಿಲ್ಲ. ತಕ್ಕಡಿಯಲ್ಲಿ ಇಡುವುದಕ್ಕೆ ನನ್ನ ಹತ್ತಿರ ಇದ್ದದ್ದೇ ಇಪ್ಪತ್ನಾಲ್ಕು ತಾಸು, ಅವು ಮೊದಲೇ ತುಂಬಿದ್ದವು. ಹೆಚ್ಚಿನ ಹೊತ್ತು ಎಲ್ಲಿಂದಲೂ ಹುಟ್ಟಲಿಲ್ಲ. ಅದು ಮನೆಯವರ ಹೊತ್ತು, ನಾನು ಕೈಗಡ ತಂದೆ. ಕೈಗಡ ಅಂದ ಮೇಲೆ ಲೆಕ್ಕ ಇಡಬೇಕಲ್ಲ. ಹಳೆಯ ಇಶ್ಯೂ ರಿಜಿಸ್ಟರಿನ ಖಾಲಿ ಹಾಳೆಗಳಿದ್ದವು. ತಾರೀಖು, ಯಾರಿಂದ, ಎಷ್ಟು ತಾಸು, ಮರಳಿಸಿದ ದಿನ ಅಂತ ಗೆರೆ ಹೊಡೆದೆ. ಮೊದಲು ತಮಾಷೆಗೆ. ಮೂರು ತಿಂಗಳಾಗುವಷ್ಟರಲ್ಲಿ ತಮಾಷೆ ಉಳಿಯಲಿಲ್ಲ, ಯಾಕೆಂದರೆ ಕಡೆಯ ಕಾಲಂ ಪೂರಾ ಖಾಲಿ ಇತ್ತು.

ಆ ರಿಜಿಸ್ಟರ್ ನೋಡಿದರೆ ನಮ್ಮೂರಿನ ವರ್ಷವೇ ಕಾಣುತ್ತದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ನಮ್ಮ ಮನೆಯವರ ಹೆಸರೇ ಇಲ್ಲ. ಹೊಸ ತೊಗರಿ ಮಾರುಕಟ್ಟೆಗೆ ಬರುವ ಕಾಲ ಅದು, ಮಿಲ್ಲಿನಿಂದ ಅವರು ಮನೆ ಸೇರುವುದೇ ರಾತ್ರಿ. ನನ್ನ ಅಸೈನ್‌ಮೆಂಟ್ ಕೊಡುವ ದಿನಗಳೂ ಆಗಲೇ ಬಂದವು. ಆ ತಿಂಗಳುಗಳ ಪುಟದ ತುಂಬ ಅತ್ತಿ, ಅತ್ತಿ, ಅತ್ತಿ. ಏಪ್ರಿಲ್, ಮೇ ಬಂದರೆ ನಾದಿನಿಯ ಹೆಸರು. ಬಿಸಿಲಿನ ಸಲುವಾಗಿ ಆಗ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಆಗುತ್ತದೆ, ನಿಮಗೆ ಗೊತ್ತೇ ಇದೆ. ಕಚೇರಿ ಮುಗಿಸಿ ಬಂದ ನಾದಿನಿ ಮಗಳನ್ನು ತನ್ನ ಮನೆಗೆ ಒಯ್ದು ಮಲಗಿಸಿಕೊಳ್ಳುತ್ತಿದ್ದಳು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗಿರುವ ಆ ಹೊತ್ತಿನಲ್ಲಿ, ಕೂಲರಿಗೆ ನೀರು ಹೊಯ್ದು ಕೂತು, ನಾನು ಎರಡು ವರ್ಷದಲ್ಲೇ ಅತಿ ಹೆಚ್ಚು ಓದಿದೆ. ಬ್ಯಾಸಗಿಗೆ ಬೈಯುವವರ ನಡುವೆ ನಾನೊಬ್ಬಳು ಅದರ ಋಣದಲ್ಲಿದ್ದೇನೆ.

ಮರಳಿಸಲಾಗದ ಕಡವೂ ಒಂದಿದೆ. ಮಗಳ ಸಾಲೆಯ ಗ್ಯಾದರಿಂಗು ಮತ್ತು ನನ್ನ ಪ್ರಾಕ್ಟಿಕಲ್ ಪರೀಕ್ಷೆ ಒಂದೇ ದಿನ ಬಂದವು. ಅವಳು ಕಿತ್ತೂರು ಚೆನ್ನಮ್ಮ ಆಗಿದ್ದಳು. ಕತ್ತಿ ಕೈಯಿಂದ ಜಾರಿ ಬಿದ್ದಾಗ ಹೆದರದೆ ಬಗ್ಗಿ ಎತ್ತಿಕೊಂಡಳಂತೆ, ಮಂದಿಯೆಲ್ಲ ಚಪ್ಪಾಳೆ ಹೊಡೆದರಂತೆ. ನಾನು ಮೊಬೈಲಿನಲ್ಲಿ ನೋಡಿದೆ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 3 ತಾಸು ಅಂತ ಬರೆದಿದ್ದೇನೆ.

ನಮ್ಮ ವಿದ್ಯೆಯ ಪಿತಾಮಹ ಎಸ್.ಆರ್. ರಂಗನಾಥನ್ ಅವರು. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯದ ಐದು ಸೂತ್ರ ಕೊಟ್ಟರು. ನಾಲ್ಕನೆಯದು, ಓದುಗರ ಸಮಯ ಉಳಿಸು. ಗ್ರಂಥಪಾಲಕಿಯ ಸಮಯ ಉಳಿಸು ಅಂತ ಆರನೆಯ ಸೂತ್ರ ಇಲ್ಲ, ಪಠ್ಯ ಎರಡು ಸಲ ತಿರುವಿ ನೋಡಿದ್ದೇನೆ. ಸಂಪರ್ಕ ತರಗತಿಯಲ್ಲಿ ನಮ್ಮ ಮೇಷ್ಟ್ರು ರಂಗನಾಥನ್ ಅವರ ಕಥೆ ಹೇಳಿದರು: ದಿನಕ್ಕೆ ಹದಿಮೂರು ತಾಸು ಕೆಲಸ, ವಾರದ ಏಳೂ ದಿನ. ಮದುವೆಯಾದಾಗ ತಾಳಿ ಕಟ್ಟಿ ಅದೇ ಮಧ್ಯಾಹ್ನ ಗ್ರಂಥಾಲಯಕ್ಕೆ ಮರಳಿದರಂತೆ. ಮುಂದಿನ ಬೆಂಚಿನವರು ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿದ್ದ ನಾವು ನಾಲ್ಕು ಜನ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅದೇ ಕಥೆಯ ಇನ್ನೊಂದು ತುದಿ ನನಗೆ ಆಮೇಲೆ ಓದಿ ಗೊತ್ತಾಯಿತು. ಜೀವಮಾನದಲ್ಲಿ ಉಳಿಸಿದ ಒಂದು ಲಕ್ಷ ರೂಪಾಯಿಯನ್ನು ಅವರು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಗ್ರಂಥಾಲಯ ವಿಜ್ಞಾನದ ಪೀಠವೊಂದನ್ನು ಹೆಂಡತಿ ಶಾರದಾ ಅವರ ಹೆಸರಿನಲ್ಲಿ ಮಾಡಿದರು. ಬೆಂಗಳೂರಿನ ಅವರ ದತ್ತಿನಿಧಿಗೂ ಶಾರದಾ ರಂಗನಾಥನ್ ಹೆಸರೇ. ಅವರೂ ಎಲ್ಲೋ ಒಂದು ರಿಜಿಸ್ಟರ್ ಇಟ್ಟಿದ್ದರು ಅಂತ ಕಾಣುತ್ತದೆ.

ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಊರಿನ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲಿಗೆ ಹೆಣ್ಣುಮಕ್ಕಳು ಎಷ್ಟು ಬರುತ್ತಾರೆ, ಬರದಿದ್ದರೆ ಯಾಕೆ ಅನ್ನುವುದು ನನ್ನ ಪ್ರಶ್ನೆ. ಆಳಂದ ಕಡೆಯ ಹಳ್ಳಿಗಳಲ್ಲಿ ಪ್ರಶ್ನಾವಳಿ ಹಿಡಿದು ಹೋದರೆ ಒಬ್ಬರೂ ಬಾಯಿ ಬಿಡರು. ರೇಷನ್ ಕಾರ್ಡ್ ರದ್ದು ಮಾಡಿಸಲಿಕ್ಕೆ ಬಂದವಳು ಅಂದುಕೊಂಡರು. ಎರಡನೆಯ ಸಲ ಅತ್ತೆಯವರೇ ಜೊತೆಗೆ ಹೊರಟರು. ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಸಂಚಿ ಬಿಚ್ಚಿದರು. ಯಾರ ಮಗಳು, ಯಾವ ಮನೆ, ಹೊಲ ಎಷ್ಟು ಅಂತ ಶುರುವಾದದ್ದು, ಲೈಬ್ರರಿಗೆ ಯಾಕೆ ಹೋಗಲ್ಲ ಅನ್ನುವಲ್ಲಿಗೆ ತಾನಾಗಿ ಬಂತು. "ಹೊತ್ತೆಲ್ಲಿ ಅದರೀ" ಅಂತ ಎಲ್ಲರದೂ ಒಂದೇ ಉತ್ತರ. ಬಾಗಿಲು ತೆರೆಯುವ ಹೊತ್ತಿಗೆ ಅವರು ಹೊಲದಲ್ಲಿರುತ್ತಾರೆ, ಇಲ್ಲವೇ ಒಲೆಯ ಮುಂದೆ. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಅಷ್ಟೂ ಆ ಕಟ್ಟೆಯ ಮೇಲೆ ಸಿಕ್ಕದ್ದು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆಯವರು ಕೇಳಿದರು. "ಎಲ್ಲಾದಕ್ಕೂ ನಂಬರ್ ಹಚ್ತಿ. ಬಸವಣ್ಣನ ವಚನ ಎಲ್ಲಿ ಇಡ್ತಿ?" ಒಳ್ಳೆಯ ಪ್ರಶ್ನೆ, ತಿಳಿದವರೂ ತಲೆ ಕೆಡಿಸಿಕೊಳ್ಳುವಂಥದ್ದು. ಸಾಹಿತ್ಯ ಅಂದರೆ 894.8ರ ಕಡೆ ಹೋಗುತ್ತದೆ, ಧರ್ಮ ಅಂದರೆ 294.5ರ ಕಡೆ. ಎರಡು ಕಪಾಟಿನ ನಡುವೆ ಅರ್ಧ ಹಾಲ್ ದೂರ. ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿ, "ಕೈಗ್ ನಿಲುಕುವಂಗ ಇಡವಾ, ಅಷ್ಟ" ಅಂದರು.

ಫಲಿತಾಂಶ ಬಂತು, 55ರ ಗೆರೆ ಸುಖವಾಗಿ ದಾಟಿದೆ. ಈಗ ಕೆ-ಸೆಟ್. ಮೊನ್ನೆ ಅತ್ತೆಯವರ ಕಾಲ ಹತ್ತಿರ ಕೂತು, ಇನ್ನೊಂದು ಆರು ತಿಂಗಳು ಸಂಜೆ ಎರಡು ತಾಸು ಬೇಕಾಗುತ್ತದೆ ಅಂತ ಮೆಲ್ಲಗೆ ತೆಗೆದೆ. ಅವರು ಮಗಳ ಕಡೆ ತಿರುಗಿ, "ನಿಮ್ಮವ್ವನ ಆ ವಹಿ ತಾ" ಅಂದರು. ಮಗಳು ಓದಿ ಹೇಳಿದಳು. ಆಯಿಯ, ಅಂದರೆ ಅಜ್ಜಿಯ, ಲೆಕ್ಕದಲ್ಲಿ ತಂದದ್ದು 412 ತಾಸು. ಮರಳಿಸಿದ್ದು 9.

"ನಿಮ್ ಲೈಬ್ರರಿಯಾಗ ಹಳೀ ಪುಸ್ತಕ ಕೊಡದವರಿಗಿ ಹೊಸಾದು ಕೊಡ್ತೀರೇನು?"

"ಇಲ್ರಿ."

"ಮತ್ತ?"

ಬರುವ ರವಿವಾರ ಬಸವಕಲ್ಯಾಣಕ್ಕೆ ಹೊರಟಿದ್ದೇವೆ, ಅತ್ತೆಯವರು, ಮಗಳು ಮತ್ತು ನಾನು. ಅವರು ಬಹಳ ದಿನದಿಂದ ಕೇಳುತ್ತಿದ್ದರು. "ಬಸ್ಸಿಗಿ ರೊಕ್ಕ ಹತ್ತಂಗಿಲ್ಲ, ಬುತ್ತಿ ನಾ ಕಟ್ತೀನಿ, ನಿಂದು ಹೊತ್ತಷ್ಟ ಖರ್ಚು" ಅಂದಿದ್ದಾರೆ. ಪುಸ್ತಕ ತರಬಾರದು ಅಂತ ಷರತ್ತೂ ಇದೆ. ಮಗಳು ಕತ್ತಿ ತರುತ್ತಾಳಂತೆ.

ನಮಸ್ಕಾರ.