ಒಂದೇ ಹೊಲಕ್ಕೆ ಬರವೂ ನೆರೆಯೂ: ಜಿಲ್ಲೆಯ ಹವಾಮಾನ ಯೋಜನೆಯಲ್ಲಿ ಏನಿರಬೇಕು

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಬಂದಿರುವ ಗ್ರಾಮ ಪಂಚಾಯಿತಿ ಸದಸ್ಯರೆ, ಪಿಡಿಒಗಳೆ, ಇಲಾಖೆಗಳ ಅಧಿಕಾರಿಗಳೆ, ರೈತ ಬಂಧುಗಳೆ, ಎಲ್ಲರಿಗೂ ಶರಣು ಶರಣಾರ್ಥಿ.

2018ರ ಮುಂಗಾರಿನಲ್ಲಿ ರಾಜ್ಯದ 100 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಹಿಂಗಾರಿಗೆ ಆ ಸಂಖ್ಯೆ 156ಕ್ಕೇರಿತು. ಮರುವರ್ಷ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಲೆ ಉಕ್ಕಿದವು, ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ ಹೊಳೆ ನುಗ್ಗಿತು. 2023ರಲ್ಲಿ ಮತ್ತೆ ಬರ: 236 ತಾಲ್ಲೂಕುಗಳಲ್ಲಿ 223. ಬರಕ್ಕೊಂದು ಕಡತ, ನೆರೆಗೊಂದು ಕಡತ ಎಂದು ಬೇರೆ ಬೇರೆ ಇಟ್ಟುಕೊಂಡು ಈ ಸೀಮೆಯನ್ನು ಕಾಯಲಾಗದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಆದ್ದರಿಂದ ಮಳೆ ಬಂದಾಗ ಜಡಿದು ಬರುತ್ತದೆ, ಎರಡು ಮಳೆಗಳ ನಡುವಿನ ಬಿಡುವಿನಲ್ಲಿ ನೆಲ ಬೇಗ ಒಣಗುತ್ತದೆ.

ಕಾಗದದ ಮೇಲೆ ವ್ಯವಸ್ಥೆ ಇದೆ. 2008ರಲ್ಲಿ ಕೇಂದ್ರ ಸರ್ಕಾರ ಎಂಟು ಮಿಷನ್‌ಗಳ ರಾಷ್ಟ್ರೀಯ ಹವಾಮಾನ ಕ್ರಿಯಾಯೋಜನೆ ತಂದಿತು, ಅದರ ಬೆನ್ನಿಗೆ ರಾಜ್ಯಗಳ ಯೋಜನೆಗಳು ಬಂದವು. ಜಿಲ್ಲೆಯ ಮಟ್ಟದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಪ್ರತಿವರ್ಷ ಯೋಜನೆಯನ್ನು ಪರಿಷ್ಕರಿಸಬೇಕು. ಆದರೆ ಇಂಥ ಯೋಜನೆಗಳಲ್ಲಿ ಬಹುಪಾಲು ಪುಟಗಳನ್ನು ಫೋನ್ ನಂಬರುಗಳು, ಬೋಟುಗಳ ಪಟ್ಟಿ, ಕಾಳಜಿ ಕೇಂದ್ರಗಳ ಹೆಸರುಗಳೇ ತುಂಬಿರುತ್ತವೆ. ಅವೂ ಬೇಕು. ಅದಕ್ಕಿಂತ ಮೊದಲು ಬೇಕಾದದ್ದು, ಹೊಳೆಯ ಮಟ್ಟವೋ ಮಳೆಯ ಕೊರತೆಯೋ ಯಾವ ಅಂಕಿ ಮುಟ್ಟಿದ ಕೂಡಲೆ ಯಾರು, ಎಷ್ಟು ಗಂಟೆಯೊಳಗೆ, ಯಾವ ಹಣದಿಂದ ಏನು ಮಾಡಬೇಕು ಎಂಬ ಬರಹ. ನನ್ನ ಮಾತೆಲ್ಲ ಈ ಅಂಕಿಯ ಸುತ್ತಲೇ ಇದೆ.

ಮೊದಲು ಹೊಳೆಯ ಲೆಕ್ಕ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಹರಿದರೆ 8.64 ಟಿಎಂಸಿ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ. ಆಗಸ್ಟ್ ಮೊದಲ ವಾರದಲ್ಲೇ ಅದು ಶೇ 95 ತುಂಬಿದೆ ಎನ್ನಿ. ಉಳಿದ ಜಾಗ ಎರಡೂವರೆ ಟಿಎಂಸಿ ಮಾತ್ರ. ಸಹ್ಯಾದ್ರಿಯಲ್ಲಿ ಮಳೆ ಜೋರಾಗಿ 50 ಸಾವಿರ ಕ್ಯೂಸೆಕ್ ಒಳಹರಿವು ಬಂದರೆ ಆ ಜಾಗ 14 ಗಂಟೆಗಳಲ್ಲಿ ಮುಗಿಯುತ್ತದೆ. ಸಂಜೆ ಶುರುವಾದ ಒಳಹರಿವಿಗೆ ಬೆಳಗಿನ ಸಭೆಯಲ್ಲಿ ತೀರ್ಮಾನ ತೆಗೆದುಕೊಳ್ಳುವಷ್ಟರಲ್ಲಿ ಗೇಟು ಎತ್ತದೆ ಬೇರೆ ದಾರಿಯೇ ಇರುವುದಿಲ್ಲ. ಇದರ ಜೊತೆ ಹಿರಣ್ಯಕೇಶಿ, ಮಾರ್ಕಂಡೇಯ ಎರಡೂ ಘಟಪ್ರಭೆಯನ್ನು ಅಣೆಕಟ್ಟಿನ ಕೆಳಗೆ ಸೇರುತ್ತವೆ. ಹಿಡಕಲ್ ಗೇಟು ಮುಚ್ಚಿದ್ದರೂ ಗೋಕಾಕದ ಲೋಳಸೂರ ಸೇತುವೆಗೆ ನೀರು ಏರಬಹುದು. ಎಚ್ಚರಿಕೆ ಕೊಡುವವರು ಮೂರೂ ಹೊಳೆಗಳನ್ನು ಕೂಡಿಸಿ ಲೆಕ್ಕ ಹಾಕಬೇಕು.

ಹಾಗಾದರೆ ಜಲಾಶಯವನ್ನು ಮೊದಲೇ ಖಾಲಿ ಇಡಬಾರದೆ ಎಂದು ಕೇಳುವಿರಿ. ಇಡಬೇಕು. ಅಧಿಕಾರಿಗಳು ಹಿಂಜರಿಯುವುದಕ್ಕೂ ಕಾರಣವಿದೆ: ಜುಲೈನಲ್ಲಿ ಬಿಟ್ಟ ನೀರು ಸೆಪ್ಟೆಂಬರ್‌ನಲ್ಲಿ ತುಂಬದೆ ಹೋದರೆ ಹಿಂಗಾರಿ ಬೆಳೆಗೆ ಕಾಲುವೆ ಒಣಗುತ್ತದೆ, ಬೈಗುಳ ಅವರ ಪಾಲಿಗೆ. ಯಾವ ದಿನಾಂಕಕ್ಕೆ ಎಷ್ಟು ಮಟ್ಟ ದಾಟಬಾರದು ಎಂಬ ಕಟ್ಟಳೆಯನ್ನು ಮಳೆಗಾಲಕ್ಕೆ ಮೊದಲೇ ಲಿಖಿತವಾಗಿ ಒಪ್ಪಿಸಿಕೊಂಡರೆ ಆ ಭಾರ ಒಬ್ಬ ಇಂಜಿನಿಯರ್ ತಲೆಯ ಮೇಲೆ ಬೀಳುವುದಿಲ್ಲ. ಆ ಕಟ್ಟಳೆ ಹಳೆಯ ಮಳೆಯ ಸರಾಸರಿಗೆ ಹೊಂದಿದ್ದರೆ ಸಾಲದು. ಇತ್ತೀಚಿನ ವರ್ಷಗಳ ಒಳಹರಿವನ್ನು ಸೇರಿಸಿ ಮರುಲೆಕ್ಕ ಆಗಬೇಕು. ಕೃಷ್ಣೆಗೆ ಈ ಕೆಲಸ ಇನ್ನೂ ಕಠಿಣ. ಕೊಯ್ನಾ ಜಲಾಶಯ ಇರುವುದು ಮಹಾರಾಷ್ಟ್ರದಲ್ಲಿ, ಆಲಮಟ್ಟಿ ಜಲಾಶಯ ನಮ್ಮಲ್ಲಿ. ಎರಡೂ ಕಡೆಯ ಇಂಜಿನಿಯರುಗಳು ಮಳೆಗಾಲವಿಡೀ ಹೊರಹರಿವಿನ ಅಂಕಿಗಳನ್ನು ಗಂಟೆಗಂಟೆಗೆ ಹಂಚಿಕೊಳ್ಳದೆ ಯಾವ ಕಟ್ಟಳೆಯೂ ನಡೆಯದು.

ಇನ್ನು ಊರು ಸ್ಥಳಾಂತರ. 2009ರ ನೆರೆಯ ನಂತರ ಸಂತ್ರಸ್ತರಿಗೆ ಹೊಸ ಜಾಗದಲ್ಲಿ ಆಸರೆ ಯೋಜನೆಯ ಮನೆಗಳನ್ನು ಕಟ್ಟಲಾಯಿತು. 2019ರಲ್ಲಿ ಹೊಳೆ ಬಂದಾಗ ಎಷ್ಟೋ ಕಡೆ ಜನ ಹಳೆಯ ಊರಲ್ಲೇ ಇದ್ದರು. ಜನರಿಗೆ ತಿಳಿವಳಿಕೆ ಇಲ್ಲ ಎಂದು ಇದನ್ನು ತಳ್ಳಿಹಾಕುವುದು ಅನ್ಯಾಯ. ಆ ನಿವೇಶನದಲ್ಲಿ ನಿಂತು ನೋಡಿ: ಎರಡು ಕೋಣೆ, ಒಂದು ಅಡುಗೆಮನೆ, ಸುತ್ತ ನಾಲ್ಕು ಹೆಜ್ಜೆ ಜಾಗ. ಎತ್ತು ಎಮ್ಮೆ ಎಲ್ಲಿ ಕಟ್ಟಬೇಕು? ಕಣಿಕೆಯ ಬಣವಿ ಎಲ್ಲಿ ಒಟ್ಟಬೇಕು? ಹೊಲ ಹೊಳೆದಂಡೆಯಲ್ಲಿ, ಮನೆ ಮೂರು ಕಿಲೋಮೀಟರ್ ಆಚೆ. ರಾತ್ರಿ ಮೂರು ಫೇಸ್ ಕರೆಂಟ್ ಬಂದಾಗ ಪಂಪು ಹಚ್ಚಲು ಯಾರು ಹೋಗಬೇಕು? ಮೂವರು ಅಣ್ಣತಮ್ಮಂದಿರ ಕುಟುಂಬಕ್ಕೆ ಒಂದೇ ಹಕ್ಕುಪತ್ರ ಬಂದರೆ ಉಳಿದಿಬ್ಬರು ಎಲ್ಲಿಗೆ ಹೋಗಬೇಕು? ಅದಕ್ಕೆ ಸ್ಥಳಾಂತರದ ಅಂದಾಜುಪಟ್ಟಿಯಲ್ಲೇ ದನದ ಕೊಟ್ಟಿಗೆ, ಸಾಮೂಹಿಕ ಕಣ, ಬಣವಿಯ ಜಾಗ, ಹೊಲಕ್ಕೆ ರಸ್ತೆ ಸೇರಿರಬೇಕು. ಕುಡಿಯುವ ನೀರು, ಶಾಲೆ, ಅಂಗನವಾಡಿ ಮೊದಲು ಶುರುವಾಗಬೇಕು, ಹಕ್ಕುಪತ್ರ ಕೊಡುವ ಸಮಾರಂಭ ಆಮೇಲೆ. ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರ ತುಂಬಿಕೊಳ್ಳಲು ಎಷ್ಟು ಕಾಲ ಹಿಡಿಯಿತೆಂದು ಕಂಡವರು ಇಲ್ಲಿ ಕೂತಿದ್ದೀರಿ.

ಬರದ ಕಡೆ ಬರೋಣ. ಪ್ರತಿ ಜಿಲ್ಲೆಗೂ ಕೃಷಿಯ ಆಕಸ್ಮಿಕ ಯೋಜನೆ ಸಿದ್ಧವಿದೆ. ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆ, ಕ್ರಿಡಾ, ರೂಪಿಸಿದ ಮಾದರಿಯಲ್ಲಿ ಮುಂಗಾರು ಎರಡು, ನಾಲ್ಕು, ಆರು, ಎಂಟು ವಾರ ತಡವಾದರೆ ಏನು ಬಿತ್ತಬೇಕೆಂದು ಬೇರೆ ಬೇರೆಯಾಗಿ ಬರೆದಿರುತ್ತದೆ. ವಿಜಯಪುರದ ಎರಿಹೊಲದಲ್ಲಿ, ಅಂದರೆ ಕಪ್ಪುಮಣ್ಣಿನ ಹೊಲದಲ್ಲಿ, ಜುಲೈ ಅರ್ಧ ಕಳೆದ ಮೇಲೆ ಹೆಸರು ಬಿತ್ತುವುದು ಸಲ್ಲ. ಸಜ್ಜಿ, ತೊಗರಿಗೆ ಹೊರಳಬೇಕು. ಅದೂ ತಪ್ಪಿದರೆ ಹೊಲ ಹರಗಿ, ಸಣ್ಣ ಬದುಗಳ ಚೌಕು ಮಡಿ ಹಾಕಿ, ಬಿದ್ದಷ್ಟು ಮಳೆಯನ್ನು ನೆಲದಲ್ಲೇ ಹಿಡಿದಿಟ್ಟು ಹಿಂಗಾರಿ ಬಿಳಿಜೋಳಕ್ಕೆ ಕಾಯಬೇಕು. ಸಲಹೆ ಸರಿಯಾಗಿದೆ, ಕೈಕೊಡುವುದು ಬೀಜ. ಹತ್ತು ಸಾವಿರ ಹೆಕ್ಟೇರ್ ಹೆಸರಿನಿಂದ ತೊಗರಿಗೆ ಹೊರಳಬೇಕೆಂದರೆ ಹೆಕ್ಟೇರಿಗೆ ಸುಮಾರು 12 ಕಿಲೋದಂತೆ 1,200 ಕ್ವಿಂಟಲ್ ಬೀಜ ಬೇಕು. ಜುಲೈನಲ್ಲಿ ಬೇಡಿಕೆ ಕಳಿಸಿದರೆ ರೈತ ಸಂಪರ್ಕ ಕೇಂದ್ರಕ್ಕೆ ಅದು ಬರುವಷ್ಟರಲ್ಲಿ ಬಿತ್ತಿಗೆಯ ಹದ ಹೋಗಿರುತ್ತದೆ. ಮೀಸಲು ದಾಸ್ತಾನನ್ನು ಬೇಸಿಗೆಯಲ್ಲೇ ಹೋಬಳಿಗೆ ತಂದಿಡಬೇಕು. ಮಳೆ ಸಕಾಲಕ್ಕೆ ಬಂದು ಬೀಜ ಉಳಿದರೆ ಆ ನಷ್ಟವನ್ನು ವಿಮೆಯ ಕಂತಿನಂತೆ ಸರ್ಕಾರ ಹೊರಬೇಕು, ಆಡಿಟ್‌ನಲ್ಲಿ ಅದು ಆಕ್ಷೇಪಣೆ ಆಗಬಾರದು.

ಕೃಷಿಹೊಂಡದ ನೀರನ್ನೂ ಇರುವುದಕ್ಕಿಂತ ಹೆಚ್ಚಾಗಿ ಲೆಕ್ಕ ಹಾಕಿ ಹೇಳುತ್ತಾರೆ. 21 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡದ ಬದಿಗಳಿಗೆ 1:1 ಇಳಿಜಾರು ಕೊಟ್ಟರೆ ತಳ 15 ಮೀಟರ್ ಉಳಿಯುತ್ತದೆ, ಹಿಡಿಯುವುದು ಸುಮಾರು 9.8 ಲಕ್ಷ ಲೀಟರ್. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ಕೊಡಲು 2 ಲಕ್ಷ ಲೀಟರ್ ಬೇಕು. ಆವಿಯಾಗಿ, ಇಂಗಿ ಹೋದದ್ದನ್ನು ಕಳೆದರೆ ಎರಡು ಮೂರು ಎಕರೆಗೆ ಒಂದು ಸಲ ಜೀವದಾನ. ಕಾಳು ಕಟ್ಟುವ ಹೊತ್ತಿನ ಆ ಒಂದು ನೀರು ಬೆಳೆ ಉಳಿಸುತ್ತದೆ. ಅದನ್ನೇ ನಂಬಿ ಕಬ್ಬು ಹಚ್ಚಿದರೆ ಕೊಳವೆಬಾವಿ ಕೊರೆಸಬೇಕಾಗುತ್ತದೆ. ಇನ್ನೊಂದು ಮಾತು: ನೀರು ಬರುವ ಬಾಯಿಯಲ್ಲಿ ಹೂಳುಗುಂಡಿ ತೆಗೆಯದಿದ್ದರೆ ಎರಿಮಣ್ಣು ಕೆಲವೇ ವರ್ಷಗಳಲ್ಲಿ ಹೊಂಡವನ್ನು ಅರ್ಧ ತುಂಬುತ್ತದೆ.

ಬಿಸಿಲಿನ ಬಗ್ಗೆ ಎರಡೇ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆ ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಇಟ್ಟಿಗೆ ಭಟ್ಟಿ, ಕಲ್ಲುಗಣಿ, ರಸ್ತೆ ಕೆಲಸದವರಿಗೆ ಅಂಥ ವೇಳೆಯನ್ನು ಗುತ್ತಿಗೆ ಕರಾರಿನಲ್ಲೇ ಬರೆಸಬೇಕು, ನೆರಳು ಮತ್ತು ಕುಡಿಯುವ ನೀರಿನ ಖರ್ಚನ್ನೂ ಅಲ್ಲೇ ಹಾಕಬೇಕು.

ಕೊನೆಗೆ ದುಡ್ಡು. 2021–26ರ ಅವಧಿಗೆ 15ನೇ ಹಣಕಾಸು ಆಯೋಗ ರಾಜ್ಯದ ವಿಪತ್ತು ಹಣದಲ್ಲಿ ಶೇ 80ನ್ನು ಪರಿಹಾರ, ಮರುನಿರ್ಮಾಣ, ಸಿದ್ಧತೆಗಳ ನಿಧಿಗೂ ಶೇ 20ನ್ನು ಹಾನಿ ತಗ್ಗಿಸುವ ನಿಧಿಗೂ ಹಂಚಿತು. ಬೆಳೆ ಹೋದ ಮೇಲೆ ಕೊಡುವ ಇನ್‌ಪುಟ್ ಸಬ್ಸಿಡಿ 2022–26ರ ಕೇಂದ್ರದ ಮಾನದಂಡದಲ್ಲಿ ಮಳೆಯಾಶ್ರಿತ ಹೆಕ್ಟೇರಿಗೆ 8,500 ರೂಪಾಯಿ ಇತ್ತು, ಎರಡು ಹೆಕ್ಟೇರ್ ಮಿತಿ. ಗೊಬ್ಬರ, ಬೀಜದ ಖರ್ಚೂ ಅದರಲ್ಲಿ ಪೂರ್ತಿ ಹುಟ್ಟುತ್ತಿರಲಿಲ್ಲ. ಹಾನಿ ತಗ್ಗಿಸುವ ನಿಧಿಯ ಕಡೆ ಪಂಚಾಯಿತಿಗಳು ಕಣ್ಣಿಡಬೇಕು. ಅದಕ್ಕೆ ಬರಿಯ ಮನವಿಪತ್ರ ಸಾಲದು. ಯಾವ ಹಳ್ಳದ ಯಾವ ಸರ್ವೆ ನಂಬರಿನಲ್ಲಿ ನೀರು ಎಷ್ಟು ಅಡಿ ಏರಿತ್ತು, ರಸ್ತೆಯಡಿಯ ಯಾವ ಸಿಡಿ (ಕಿರುಸೇತುವೆ) ಚಿಕ್ಕದಾಯಿತು, ಎಷ್ಟು ಮನೆಗೆ ನುಗ್ಗಿತು ಎಂಬ ವಿವರವನ್ನು ಪಿಡಿಒ ಮತ್ತು ಗ್ರಾಮ ಆಡಳಿತಾಧಿಕಾರಿ ನೆರೆ ಇಳಿದ ವಾರದೊಳಗೇ ಫೋಟೊ ಸಮೇತ ದಾಖಲಿಸಬೇಕು. ಗೋಡೆಯ ಮೇಲಿನ ನೀರಿನ ಗೆರೆ ಮುಂದಿನ ಸುಣ್ಣ ಬಳಿಯುವವರೆಗಷ್ಟೇ ಇರುತ್ತದೆ. ಆಲಿಕಲ್ಲು, ಜಲಾವೃತದಂಥ ಸ್ಥಳೀಯ ಹಾನಿಗೆ ಬೆಳೆವಿಮೆ ಮಾಡಿಸಿದ ರೈತರು 72 ಗಂಟೆಯೊಳಗೆ ದೂರು ದಾಖಲಿಸಬೇಕು. ನೆರೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗಿರುತ್ತವೆ. ಆದ್ದರಿಂದ ಕಾಳಜಿ ಕೇಂದ್ರದಲ್ಲೇ ಒಂದು ಮೇಜು ಹಾಕಿ, ಅರ್ಜಿಗಳನ್ನು ಕಾಗದದಲ್ಲಿ ತೆಗೆದುಕೊಂಡು, ದಿನಾಂಕ ಮತ್ತು ಸಮಯ ಬರೆದು ಸ್ವೀಕೃತಿ ಕೊಡುವ ಆದೇಶವನ್ನು ಮೇ ತಿಂಗಳ ತಾಲ್ಲೂಕು ಸಭೆಯಲ್ಲೇ ಕೇಳಿ ಪಡೆಯಿರಿ.