ಮೊದಲ ಪಿಸ್ತೂಲು: ದಮ್ ಕೇಳಬೇಡಿ, ಹಿಡಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಗುರಿ ಹೊಡೆಯುವುದನ್ನು ಕಲಿಯಲು ಬರುವ ಹುಡುಗರಿರಲಿ, ಅವರನ್ನು ಬೈಕಿನ ಮೇಲೆ ಕರೆತರುವ ಅಪ್ಪಂದಿರಿರಲಿ, ಪಿಸ್ತೂಲು ಕಂಡ ಕೂಡಲೇ ಕೇಳುವ ಮಾತು ಒಂದೇ: "ಸರ, ಇದರಾಗ ದಮ್ ಎಷ್ಟ್ ಐತ್ರಿ?" ಎಷ್ಟು ದೂರ ಹೋಗುತ್ತದೆ, ಹಲಗೆ ತೂರುತ್ತದೋ ಇಲ್ಲವೋ ಎಂಬ ವಿಚಾರಣೆ. ಕೇಳುವವರದೇನೂ ತಪ್ಪಿಲ್ಲ. ಬೆಳಗಾವಿಯವರಿಗೆ ಬಂದೂಕು ಹೊಸದಲ್ಲ. ಮರಾಠಾ ಲಘು ಪದಾತಿದಳದ ಕೇಂದ್ರ ಊರಲ್ಲೇ ಇದೆ. ಖಾನಾಪುರದ ಕಡೆ ಹಂದಿ ಕಾಟಕ್ಕೆ ಬೆಳೆ ರಕ್ಷಣೆಯ ಬಂದೂಕು ಇಟ್ಟುಕೊಂಡ ರೈತರಿದ್ದಾರೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿದ ಅಮಟೂರು ಬಾಳಪ್ಪನ ಗುರಿಯ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಬಂದೂಕು ಎಂದಮೇಲೆ ದಮ್ ಇರಲೇಬೇಕಲ್ಲ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಗುರಿ ಕ್ರೀಡೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಒಂದೇ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ ತಂದರು. ಎಲ್ಲವೂ ಬಂದದ್ದು ಹತ್ತು ಮೀಟರ್ ದೂರದ ಗುರಿಗೆ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ಪಿಸ್ತೂಲಿನಿಂದ. ಅದು ಹಾರಿಸುವ ಸೀಸದ ಪುಟ್ಟ ಗುಂಡು, ಅಂದರೆ ಪೆಲೆಟ್, ಅರ್ಧ ಗ್ರಾಮಿನ ಆಸುಪಾಸು ತೂಗುತ್ತದೆ, ನಳಿಗೆಯಿಂದ ಹೊರಡುವ ವೇಗ ಸೆಕೆಂಡಿಗೆ ಸುಮಾರು 150 ಮೀಟರ್. ಶಕ್ತಿಯ ಲೆಕ್ಕ ಹಾಕಿದರೆ ಐದಾರು ಜೂಲ್. ಕಾಗದದ ಗುರಿಯಲ್ಲಿ ದುಂಡನೆಯ ತೂತು ಬೀಳಲು ಅಷ್ಟು ಸಾಕು. ಹಾಗೆಂದು ಆಟಿಕೆ ಎಂದುಕೊಳ್ಳಬೇಡಿ, ಅಷ್ಟೇ ಶಕ್ತಿ ಒಂದು ಕಣ್ಣು ಕಳೆಯಲೂ ಸಾಕು.

ಕಾನೂನಿನ ಮಾತನ್ನು ಇಲ್ಲೇ ಮುಗಿಸುತ್ತೇನೆ. ಒಳ ಅಡ್ಡಳತೆ 4.5 ಮಿಲಿಮೀಟರ್ ಮೀರದ ನಳಿಗೆ, 20 ಜೂಲ್ ಮೀರದ ಶಕ್ತಿ, ಇಂಥ ಏರ್ ಪಿಸ್ತೂಲಿಗೆ ಆಯುಧ ಲೈಸೆನ್ಸ್ ಬೇಕಿಲ್ಲ. ಗುರುತಿನ ಚೀಟಿ ಕೊಟ್ಟು, ಬಿಲ್ ಪಡೆದು ತರಬಹುದು. ಬಿಲ್ಲಿನ ಪ್ರತಿ ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇರಲಿ. ಮದ್ದಿನಿಂದ ಗುಂಡು ಹಾರುವ ಪಾಯಿಂಟ್ ಟೂ ಟೂ (0.22 ಇಂಚಿನ ನಳಿಗೆಯ) ಪಿಸ್ತೂಲು ಬೇಕೆಂದರೆ ದಾರಿ ಉದ್ದ. 21 ವರ್ಷ ತುಂಬಿರಬೇಕು, ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು, ಪೊಲೀಸ್ ವಿಚಾರಣೆ ಆಗಬೇಕು. ಒಂಬತ್ತು ಎಂ.ಎಂ. ಅಂತೂ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಕೊಡದ ನಳಿಗೆ ಅಳತೆ, ಸಿನಿಮಾದಲ್ಲಿ ನೋಡಿ ಸುಮ್ಮನಿರಬೇಕಾದದ್ದು. ಕೆಲವರು ಲೈಸೆನ್ಸ್ ಸಿಗುವತನಕ ಕಾಯುತ್ತೇವೆ, ಆಮೇಲೆ ನೇರ ಪಾಯಿಂಟ್ ಟೂ ಟೂದಿಂದಲೇ ಶುರುಮಾಡುತ್ತೇವೆ ಎನ್ನುತ್ತಾರೆ. ನನಗೆ ಒಪ್ಪಿಗೆಯಾಗದ ಮಾತು. ಕಾಯುವ ಕಾಲದಲ್ಲಿ ಏರ್ ಪಿಸ್ತೂಲು ಕೈಗೆ ಬಂದಿದ್ದರೆ ಕೈ ಅರ್ಧ ತಯಾರಾಗಿರುತ್ತಿತ್ತು.

ಇನ್ನು ದಮ್ ಯಾಕೆ ಬೇಡ ಎಂಬುದಕ್ಕೆ ಬರೋಣ. ಹತ್ತು ಮೀಟರಿನ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್. ಗುರಿ ನೋಡಲು ಪಿಸ್ತೂಲಿನ ಮೇಲೆ ಎರಡು ಸೈಟ್ ಇರುತ್ತವೆ, ಹಿಂದಿನದು ನಡುವೆ ಸಂದಿ ಇರುವ ಪಟ್ಟಿ, ಮುಂದಿನದು ನಿಂತ ಕಡ್ಡಿ. ಇವೆರಡರ ನಡುವೆ ಸುಮಾರು 32 ಸೆಂಟಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಕೈ ಪೂರ್ತಿ ಒಂದು ಮಿಲಿಮೀಟರ್ ಎಡಕ್ಕೆ ಸರಿದು, ಸೈಟುಗಳು ಮಾತ್ರ ಒಂದಕ್ಕೊಂದು ನೇರವಾಗೇ ಇದ್ದರೆ, ಪೆಲೆಟ್ ಸರಿಯುವುದೂ ಒಂದೇ ಮಿಲಿಮೀಟರ್. ಹತ್ತು ಹತ್ತೇ ಆಗಿರುತ್ತದೆ. ಆದರೆ ಮಣಿಕಟ್ಟು ತಿರುಗಿ, ಮುಂದಿನ ಸೈಟ್ ಹಿಂದಿನದರ ಸಂದಿಯಲ್ಲಿ ಒಂದೇ ಒಂದು ಮಿಲಿಮೀಟರ್ ಓರೆಯಾಯಿತು ಅನ್ನಿ. ಗುರಿಯ ಮೇಲೆ ಅದು 31 ಮಿಲಿಮೀಟರ್ ಆಗುತ್ತದೆ. ಹತ್ತು ಹೋಗಿ ಏಳಕ್ಕೆ ಬಂದು ನಿಲ್ಲುತ್ತದೆ. ಕೈ ನಡುಗುತ್ತದೆ ಎಂದು ಅಳುವ ಹುಡುಗರಿಗೆ ನಾನು ಈ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸುತ್ತೇನೆ. ನಡುಕ ಎಲ್ಲರಿಗೂ ಇದೆ, ಪದಕ ಗೆದ್ದವರಿಗೂ ಇದೆ. ಕೆಡಿಸುವುದು ಮಣಿಕಟ್ಟು. ಮಣಿಕಟ್ಟನ್ನು ಕೆಡಿಸುವುದು ಎರಡು, ಕೈಗೆ ಕೂಡದ ಹಿಡಿ ಮತ್ತು ಒರಟು ಟ್ರಿಗರ್.

ಅದಕ್ಕೇ ಮೊದಲು ಹಿಡಿ ನೋಡಿ. ಪಂದ್ಯದ ಪಿಸ್ತೂಲುಗಳ ಹಿಡಿ ಸಾಮಾನ್ಯವಾಗಿ ಮರದ್ದು, ಬೆರಳುಗಳ ಅಚ್ಚಿಗೆ ಕೊರೆದದ್ದು. ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಅಳತೆಗಳಿವೆ, ಎಡಗೈಗೆ ಬೇರೆ, ಬಲಗೈಗೆ ಬೇರೆ. ಅಂಗೈ ಕೆಳಗೆ ಆಸರೆಯಾಗುವ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಬಹುದು. ಚಪ್ಪಲಿ ಕೊಳ್ಳುವಾಗ ಮೆಟ್ಟಿ ನಾಲ್ಕು ಹೆಜ್ಜೆ ಹಾಕಿ ನೋಡುವ ನಾವು ಲಕ್ಷ ರೂಪಾಯಿ ಮೀರುವ ಪಿಸ್ತೂಲನ್ನು ಮೊಬೈಲಿನಲ್ಲಿ ಫೋಟೊ ನೋಡಿ ಆರ್ಡರ್ ಮಾಡುತ್ತೇವೆ! ಪರೀಕ್ಷೆ ಸುಲಭ. ಖಾಲಿ ಪಿಸ್ತೂಲನ್ನು ಹಿಡಿದು, ಖಾಲಿ ಇದೆ ಎಂದು ಎರಡು ಸಲ ನೋಡಿಕೊಂಡು, ಗುರಿಯ ದಿಕ್ಕಿಗೆ ನಿಂತು ಕಣ್ಣು ಮುಚ್ಚಿ ಕೈ ಎತ್ತಿ. ಈಗ ಕಣ್ಣು ತೆರೆಯಿರಿ. ಮುಂದಿನ ಸೈಟ್ ತಾನಾಗಿ ಹಿಂದಿನದರ ಸಂದಿಯ ನಡುವೆ ಕೂತಿದ್ದರೆ ಆ ಹಿಡಿ ನಿಮ್ಮದು. ಪ್ರತಿ ಸಲವೂ ಒಂದೇ ಕಡೆಗೆ ವಾಲಿದರೆ ಅಳತೆ ಬದಲಿಸಬೇಕು, ಇಲ್ಲವೇ ಅರದಿಂದ ಉಜ್ಜಬೇಕು. ಹೌದು, ಉಜ್ಜುತ್ತಾರೆ. ಒಳ್ಳೆಯ ಶೂಟರುಗಳ ಹಿಡಿ ನೋಡಿದರೆ ಒಂದು ಕಡೆ ಕೆತ್ತಿ, ಇನ್ನೊಂದು ಕಡೆ ಪುಟ್ಟಿ ಮೆತ್ತಿ, ನೋಡಲು ಚೆಂದ ಇರುವುದಿಲ್ಲ. ಚೆಂದ ಬೇಕಾದವರು ಶೋಕೇಸಿನಲ್ಲಿಡುವ ಸಾಮಾನು ಕೊಳ್ಳಲಿ.

ಟ್ರಿಗರ್ ವಿಷಯಕ್ಕೆ ನಿಯಮವೇ ಇದೆ. ಏರ್ ಪಿಸ್ತೂಲಿನ ಟ್ರಿಗರ್ 500 ಗ್ರಾಮಿಗಿಂತ ಹಗುರ ಇರುವಂತಿಲ್ಲ. ಪಂದ್ಯದಲ್ಲಿ 500 ಗ್ರಾಮಿನ ತೂಕವನ್ನು ಟ್ರಿಗರಿಗೆ ಜೋತುಹಾಕಿ ಪರೀಕ್ಷಿಸುತ್ತಾರೆ. ಪಿಸ್ತೂಲಿನ ಒಟ್ಟು ತೂಕ 1500 ಗ್ರಾಂ ದಾಟಬಾರದು, ಹೆಚ್ಚಿನವು ಒಂದು ಕಿಲೋ ಆಸುಪಾಸಿನಲ್ಲಿರುತ್ತವೆ. ಒಂದೇ ಕೈ, ಅದೂ ಚಾಚಿದ ಕೈ, 75 ನಿಮಿಷದಲ್ಲಿ 60 ಹೊಡೆತ. ಹದಿಮೂರು ಹದಿನಾಲ್ಕು ವರ್ಷದ ಹುಡುಗಿಗೆ ದೊಡ್ಡವರ ಉದ್ದ ನಳಿಗೆಯ ಪಿಸ್ತೂಲು ಕೊಡಿಸಿ, "ಬೆಳಿತಾಳ, ಸರಿ ಆಗ್ತದ" ಎನ್ನುವ ತಂದೆ ತಾಯಿಗಳು ಸ್ವಲ್ಪ ತಡೆಯಿರಿ. ಗಿಡ್ಡ ನಳಿಗೆಯ ಹಗುರ ಮಾದರಿಗಳು ಇವೆ. ಭುಜ ನೋಯಿಸಿಕೊಂಡ ಮಗು ಆಟವನ್ನೇ ಬಿಟ್ಟರೆ ಉಳಿಯುವುದು ಪೆಟ್ಟಿಗೆ ಮಾತ್ರ.

ನಮ್ಮ ಕಡೆಯ ಊರುಗಳಿಗೆ ಇನ್ನೊಂದು ತೊಡಕಿದೆ, ದೊಡ್ಡ ನಗರದವರಿಗೆ ಇದು ಹೊಳೆಯುವುದಿಲ್ಲ. ಸ್ಟೈಯರ್, ವಾಲ್ಟರ್, ಮೊರಿನಿ, ಫೈನ್‌ವೆರ್ಕ್‌ಬೌ ಎಂದು ಕಂಪನಿಗಳ ಹೆಸರು ಕೇಳುತ್ತೇವಲ್ಲ, ಆ ಪಂದ್ಯದ ಪಿಸ್ತೂಲುಗಳೆಲ್ಲ ಈಗ ಸಿಲಿಂಡರಿನ ಗಾಳಿಯಲ್ಲಿ ನಡೆಯುತ್ತವೆ. ಪಿಸ್ತೂಲಿನ ಕೆಳಗಿನ ಪುಟ್ಟ ಸಿಲಿಂಡರಿಗೆ 200 ಬಾರ್ ಒತ್ತಡದ ಗಾಳಿ ತುಂಬಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಆ ಕೆಲಸಕ್ಕೆ ಬಾರದು. ರೇಂಜಿನಲ್ಲಿ ದೊಡ್ಡ ಸಿಲಿಂಡರ್ ಇದ್ದರೆ ಚಿಂತೆಯಿಲ್ಲ. ಹಾಗಿಲ್ಲದ ಊರಲ್ಲಿ, ಜಮಖಂಡಿಯಲ್ಲೋ ಸಿಂದಗಿಯಲ್ಲೋ ಮನೆಯ ಪಡಸಾಲೆಯಲ್ಲಿ ಕಲಿಯುವವರಿಗೆ, ಕೈಪಂಪೇ ಗತಿ. ಅದಕ್ಕೆ ರಟ್ಟೆ ಬೇಕು. ಒಳಗೆ ತೇವ ಹೋಗದಂತೆ ಜೋಪಾನವೂ ಬೇಕು. ಇಂಥವರಿಗೆ ಪ್ರತಿ ಹೊಡೆತಕ್ಕೂ ಒಮ್ಮೆ ಸನ್ನೆಕೋಲು ಎಳೆದು ಗಾಳಿ ಒತ್ತುವ ಪಿಸ್ತೂಲು ವಾಸಿ ಎಂಬುದು ನನ್ನ ಅಭಿಪ್ರಾಯ. ಜರ್ಮನಿಯ ವೈರಾಖ್ ಕಂಪನಿಯ ಕೆಲವು ಮಾದರಿಗಳು ಆ ಬಗೆಯವು. ಒದೆತ ಇಲ್ಲ, ಸಿಲಿಂಡರಿನ ಗೊಡವೆ ಇಲ್ಲ. ಕೈ ದಣಿಯುತ್ತದೆ, ನಿಜ. ಆದರೆ ಎರಡು ಹೊಡೆತಗಳ ನಡುವೆ ಉಸಿರು ತಿರುಗಿಸಿಕೊಳ್ಳಲು ಅದು ಹುಡುಗರನ್ನು ತಡೆದು ನಿಲ್ಲಿಸುತ್ತದೆ. ಸ್ಪ್ರಿಂಗಿನ ಅಗ್ಗದ ಪಿಸ್ತೂಲನ್ನು ನಾನು ಹೇಳುವುದಿಲ್ಲ. ಪೆಲೆಟ್ ನಳಿಗೆ ಬಿಡುವ ಮೊದಲೇ ಅದು ಹಿಂದೆ ಮುಂದೆ ಜಗ್ಗುತ್ತದೆ, ಹೊಸಬರಿಗೆ ತಪ್ಪು ತಮ್ಮದೋ ಪಿಸ್ತೂಲಿನದೋ ಗೊತ್ತಾಗುವುದಿಲ್ಲ.

ಕಬ್ಬಿಣದ ಗೋಲಿ ಹಾರಿಸುವ, ಥೇಟ್ ಪೊಲೀಸರ ಪಿಸ್ತೂಲಿನಂತೆ ಕಾಣುವ ಮಾದರಿಗಳೂ ಪೇಟೆಯಲ್ಲಿವೆ. ಅದರ ಗೋಲಿ ಗಟ್ಟಿ ಗೋಡೆಗೆ ಬಡಿದರೆ ತಿರುಗಿ ನಿಮ್ಮ ಮುಖಕ್ಕೇ ಬರುತ್ತದೆ, ನಳಿಗೆಯಲ್ಲಿ ಸುರುಳಿ ಗೆರೆ ಇಲ್ಲದ್ದರಿಂದ ಗುರಿಗೂ ಬಾರದು. ಬರ್ತ್‌ಡೇ ಫೋಟೊಕ್ಕೆ ಸೊಂಟದಲ್ಲಿ ಸಿಕ್ಕಿಸಿಕೊಂಡು ನಿಂತರೆ ಠಾಣೆಗೆ ಹೋಗಿ ಅದು ಏರ್ ಪಿಸ್ತೂಲು ಎಂದು ವಿವರಿಸುತ್ತ ಕೂರಬೇಕಾದೀತು. ಬಿಟ್ಟುಬಿಡಿ.

ಪೆಲೆಟ್ ಮಾತ್ರ ಚಪ್ಪಟೆ ತಲೆಯದ್ದೇ ಇರಲಿ. ಚೂಪು ತಲೆಯದ್ದು ಕಾಗದವನ್ನು ಹರಿಯುತ್ತದೆ, ಚಪ್ಪಟೆಯದ್ದು ಕತ್ತರಿಸುತ್ತದೆ, ಅಂಕ ಎಣಿಸಲು ಅನುಕೂಲ. ಸೀಸ ಮುಟ್ಟಿದ ಕೈ ತೊಳೆಯದೆ ಚುರುಮುರಿಗೆ ಕೈ ಹಾಕಬೇಡಿ. ಇನ್ನು, ಕಲಿಕೆಯ ಬಹುಪಾಲು ಪೆಲೆಟ್ ಇಲ್ಲದೆಯೇ ಆಗುವಂಥದ್ದು. ಬಿಳಿ ಗೋಡೆಗೆ ಮುಖ ಮಾಡಿ, ಖಾಲಿ ಪಿಸ್ತೂಲಿನಲ್ಲಿ ಟ್ರಿಗರ್ ಒತ್ತುತ್ತ, ಮುಂದಿನ ಸೈಟ್ ಅಲುಗುತ್ತದೋ ಇಲ್ಲವೋ ನೋಡುವುದು. ಪಂದ್ಯದ ಪಿಸ್ತೂಲುಗಳಲ್ಲಿ ಗಾಳಿ ಖರ್ಚಾಗದೆ ಟ್ರಿಗರ್ ಮಾತ್ರ ಆಡುವ ಏರ್ಪಾಡು ಇರುತ್ತದೆ. ಕೊಳ್ಳುವ ಮೊದಲು ಇದೊಂದನ್ನು ಕೇಳಿ ತಿಳಿಯಿರಿ, ಯಾಕೆಂದರೆ ಇದಿಲ್ಲದ ಪಿಸ್ತೂಲಿನಲ್ಲಿ ಹೀಗೆ ಬರಿದೇ ಒತ್ತಿದರೆ ಒಳಗಿನ ಭಾಗ ಕೆಡಬಹುದು.

ಹೊಸದೇ ಬೇಕೆಂದಿಲ್ಲ. ಆಟ ಮುಂದುವರಿಸಿ ಮೇಲಿನ ಮಾದರಿಗೆ ಹೋದ ಹಿರಿಯ ಶೂಟರುಗಳು ಹಳೆಯದನ್ನು ಮಾರುತ್ತಾರೆ. ಮೊದಲು ಮೂರು ನಾಲ್ಕು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿತು, ನಿಮ್ಮ ಕೈಯ ಅಳತೆ ನಿಮಗೆ ತಿಳಿದ ಮೇಲೆ, ಇಂಥದ್ದೊಂದನ್ನು ಹುಡುಕಿ. ಮುಟ್ಟಿ ನೋಡಲು ಒಪ್ಪದವರಿಂದ ಕೊಳ್ಳಬೇಡಿ. ಹತ್ತು ಪೆಲೆಟ್ ಹೊಡೆದು ನೋಡಿ, ಗಾಳಿ ಸೋರುವ ಸಪ್ಪಳ ಇದೆಯೋ ಕಿವಿಗೊಡಿ, ಬಿಲ್ಲಿನ ಮೇಲಿನ ನಂಬರೂ ಪಿಸ್ತೂಲಿನ ಮೇಲಿನ ನಂಬರೂ ಒಂದೇ ಎಂದು ಖಾತ್ರಿ ಮಾಡಿಕೊಳ್ಳಿ. ಸಿಲಿಂಡರ್ ಬಿಚ್ಚಿ ಅದರ ಮೇಲೆ ಕೊರೆದ ವರ್ಷ ಓದಿ. ತಯಾರಕರು ಸಾಮಾನ್ಯವಾಗಿ ಕೊಡುವ ಆಯುಷ್ಯ ಹತ್ತು ವರ್ಷ. ಅದು ಮುಗಿದಿದ್ದರೆ ಆ ಸಿಲಿಂಡರನ್ನು ಬಳಸುವಂತಿಲ್ಲ, ಹೊಸದರ ಬೆಲೆ ವಿಚಾರಿಸಿ, ಅಷ್ಟು ಮುರಿದುಕೊಂಡೇ ಹಣ ಎಣಿಸಿ.

ನಮಸ್ಕಾರ.