‘ಆರು ತಿಂಗಳು ಬಿಟ್ಟು ಬನ್ನಿ’ ಅಂದಷ್ಟಕ್ಕೇ ಯಾರೂ ಬರೋದಿಲ್ಲ

ಎಲ್ಲರಿಗೂ ಶರಣು. ಇವತ್ತು ನಮ್ಮ ಕಾಕಾನ ವಿಷಯ ಹೇಳಬೇಕು.

ಕಾಕಾ ಶಹಾಬಾದ್ ಹತ್ತಿರದ ಗಣಿಯಲ್ಲಿ 30 ವರ್ಷ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಎಬ್ಬಿಸಿದವರು. ಬೀಡಿ ಅದಕ್ಕೂ ಮೊದಲಿನಿಂದ. ಹೋದ ವರ್ಷ ಜೂನ್‌ನಲ್ಲಿ ಕೆಮ್ಮು ಅಂತ ಕಲಬುರಗಿಗೆ ಹೋದಾಗ ಸಿಟಿ ಸ್ಕ್ಯಾನ್ ಮಾಡಿಸಿದರು. ಶ್ವಾಸಕೋಶದಲ್ಲಿ 7 ಮಿಲಿಮೀಟರ್ ಗಂಟು. ಹೆಚ್ಚುಕಡಿಮೆ ಒಂದು ತೊಗರಿ ಕಾಳಿನಷ್ಟು. ‘ಆರು ತಿಂಗಳು ಬಿಟ್ಟು ಬನ್ನಿ’ ಅಂದರು ಡಾಕ್ಟರು. ಯಾಕೆ ಅಂತ ಹೇಳಲಿಲ್ಲ.

‘ಆರು ತಿಂಗಳು ಬಿಟ್ಟು ಅಂದ ಮೇಲೆ ಏನೂ ಇಲ್ಲ’ ಅಂತ ಕಾಕಾ ತಿಳಿದುಕೊಂಡರು. ‘ಕೈ ಮೀರಿದೆ, ಅದಕ್ಕೇ ಕಳಿಸಿಬಿಟ್ಟರು’ ಅಂತ ಕಾಕು ತಿಳಿದುಕೊಂಡರು. ಇಬ್ಬರೂ ಬಾಯಿ ಬಿಡಲಿಲ್ಲ. ಫಿಲ್ಮಿನ ಲಕೋಟೆ ಟ್ರಂಕಿನ ಮೇಲೆ ಬಿದ್ದಿತ್ತು.

ಡಿಸೆಂಬರ್ ಬಂತು. ತೊಗರಿ ರಾಶಿಯ ಕಾಲ. ಆಗ ಯಾರು ಊರು ಬಿಟ್ಟು ಹೋಗುತ್ತಾರೆ, ಹೇಳಿ?

ನಾನು ಫೋನಿನಲ್ಲಿ ಜೋರು ಮಾಡಿದೆ. ಆಗ ನಿಜವಾದ ಕಾರಣ ಹೊರಗೆ ಬಂತು. ‘ಬೀಡಿ ಬಿಟ್ಟಿಲ್ಲ. ಮತ್ತ ಬೈಸ್ಕೊಳ್ಳಾಕ ಹೋಗ್ಲೇನು?’ ಅಂದರು. ಆ ಮಾತು ಕೇಳಿ ನನಗೆ ಹೊಟ್ಟೆ ಕಿವುಚಿದಂತಾಯಿತು. ಭಯಕ್ಕಿಂತ, ಬಸ್ ಚಾರ್ಜಿಗಿಂತ ನಾಚಿಕೆಯೇ ಅವರನ್ನು ಜಾಸ್ತಿ ಕಟ್ಟಿಹಾಕಿತ್ತು.

ಅವತ್ತು ಆಸ್ಪತ್ರೆಯಲ್ಲಿ ಹೇಳಬೇಕಾಗಿದ್ದದ್ದು ಎರಡೇ ಮಾತು: ಸ್ಕ್ಯಾನ್ ಮಾಡಿ ನೋಡಿದರೆ ಜೀವ ಉಳಿಯಬಹುದು, ಆದರೆ ಕಂಡ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಅಮೆರಿಕದಲ್ಲಿ ಸುಮಾರು 53,000 ಜನ ಹಾಲಿ, ಮಾಜಿ ಧೂಮಪಾನಿಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ಎಕ್ಸ್‌ರೇ ಬದಲು ಕಡಿಮೆ ವಿಕಿರಣದ ಸಿಟಿ ಮಾಡಿದಾಗ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ. 20ರಷ್ಟು ಕಡಿಮೆಯಾಯಿತು. ಅದೇ ಅಧ್ಯಯನದಲ್ಲಿ ಅನುಮಾನ ಬಂದ ಸ್ಕ್ಯಾನ್‌ಗಳಲ್ಲಿ ಶೇ. 96ರಷ್ಟು ಕ್ಯಾನ್ಸರ್ ಆಗಿರಲಿಲ್ಲ. ನಮ್ಮ ಕಡೆ ಹಳೇ ಟಿಬಿಯ ಕಲೆಗಳೂ ಗಂಟಿನ ಹಾಗೆ ಕಾಣುತ್ತವೆ. ಗಂಟು ಬೆಳೀತಿದೆಯಾ ಇಲ್ವಾ ಅಂತ ತಿಳಿಯಲು ಹಳೇ ಫಿಲ್ಮ್ ಪಕ್ಕ ಹೊಸದು ಇಟ್ಟು ನೋಡಬೇಕು. ಆರು ತಿಂಗಳು ಕಾಯೋದು ಅದಕ್ಕೆ. ಇಷ್ಟನ್ನು ಕಾಕಾ, ಕಾಕು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರೆ ಸಾಕಿತ್ತು.

ನಮ್ಮಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ ಸರ್ಕಾರಿ ತಪಾಸಣೆ ಇದೆ. ಶ್ವಾಸಕೋಶಕ್ಕೆ ಅಂಥ ಕಾರ್ಯಕ್ರಮ ಇಲ್ಲ. ಹಾಗಾಗಿ ಹೀಗೆ ಅಕಸ್ಮಾತ್ ಸಿಕ್ಕ ಗಂಟಿನ ಬೆನ್ನು ಹತ್ತುವವರು ಯಾರೂ ಇಲ್ಲ. ರೋಗಿಗೆ ಅಸಡ್ಡೆ ಅಂತಾರಲ್ಲ, ಅದನ್ನು ನಾನು ಒಪ್ಪೋದಿಲ್ಲ. ತಾರೀಖು ಕೊಟ್ಟವರು ಆ ತಾರೀಖಿಗೆ ಒಂದು ಫೋನ್ ಮಾಡಬೇಕು. ರಾಶಿ ಯಾವಾಗ, ಗುಳೆ ಯಾವಾಗ ಅಂತ ಕೇಳಿ ದಿನ ಗೊತ್ತು ಮಾಡಬೇಕು. ಬೀಡಿ ಬಿಡಿಸೋಣ, ಖಂಡಿತ ಬಿಡಿಸಬೇಕು. ಆದರೆ ಬಾಗಿಲಲ್ಲೇ ಬೈದರೆ ಮನುಷ್ಯ ಒಳಗೇ ಬರೋದಿಲ್ಲ.

ಕೊನೆಗೆ ಕಾಕಾನನ್ನು ಕರೆದುಕೊಂಡು ಹೋದದ್ದು ಓಣಿಯ ಆಶಾ ಕಾರ್ಯಕರ್ತೆ. ‘ಕಾಕಾ, ಕಾಳು ಬೆಳದದೋ ಇಲ್ಲೋ ನೋಡ್ಕೊಂಡು ಬರೋಣ. ಹಳೇ ಫಿಲ್ಮ್ ತಗೋರಿ, ನಾನೂ ಬರ್ತೀನಿ’ ಅಂದಳು. ಬೀಡಿ ಮಾತೇ ಎತ್ತಲಿಲ್ಲ. ಕಾಕಾ ಚಪ್ಪಲಿ ಮೆಟ್ಟಿಕೊಂಡರು.

ಅಷ್ಟರಲ್ಲಿ ಏಪ್ರಿಲ್ ಬಂದಿತ್ತು. ಗಂಟು ಅಷ್ಟೇ ಇದೆ. ಇನ್ನೊಂದು ವರ್ಷಕ್ಕೆ ಮತ್ತೆ ನೋಡಬೇಕಂತೆ. ಆಗ ರಾಶಿ ಮುಗಿದಿರುತ್ತೆ. ಬಿಸಿಲಿರುತ್ತೆ, ಇರಲಿ ಅಂದರು ಕಾಕು. ಲಕೋಟೆಯ ಮೇಲೆ ತಾರೀಖನ್ನು ದೊಡ್ಡದಾಗಿ ಬರೆಸಿಕೊಂಡಿದ್ದಾರೆ.